ದುಡ್ಡು ಕಳಿಸಬೇಡಿ ಟೀಚರ್, ಮಸ್ಕತ್‌ಗೆ ಉತ್ತರ ಬರೆಯಿರಿ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಗಣಿತ ಶಿಕ್ಷಕಿ. ವಯಸ್ಸು 63, ಊರು ತಿಪಟೂರಿನ ಹತ್ತಿರ. ಫೇಸ್‌ಬುಕ್ ಅಂದರೆ ಕೆಲಸ ಇಲ್ಲದವರ ಜಾಗ ಅಂತ ಇಷ್ಟು ವರ್ಷ ದೂರವೇ ಇದ್ದೆ. ಹಳೇ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದಾರೆ, ವಿವರ ಎಲ್ಲ ಅಲ್ಲೇ ಬರುತ್ತೆ ಅಂತ ಒತ್ತಾಯ ಮಾಡಿ ಸೇರಿಸಿದರು. ಈಗ ಗ್ಯಾಸ್ ತರುವ ಹುಡುಗನ ಮುಖ ತೋರಿಸಿ 'ನಿಮಗೆ ಪರಿಚಯ ಇರಬಹುದು' ಅನ್ನುತ್ತಿದೆ. ಇದಕ್ಕೆ ಹೇಗೆ ಗೊತ್ತಾಯಿತು? ಕ್ಲಾಸಿನಲ್ಲಿ ತಲೆ ಎತ್ತದೆ ಕೂರುತ್ತಿದ್ದ ಒಬ್ಬ ಶಿಷ್ಯ ರಾಜಕೀಯದ ವಿಷಯಕ್ಕೆ ಯಾರ್ಯಾರಿಗೋ ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ತಿದ್ದಬೇಕಾ? ಇನ್ನೊಬ್ಬ ಮೊದಲೇ ಫ್ರೆಂಡ್ ಆಗಿದ್ದವನು, ಮೊನ್ನೆ ಮತ್ತೆ ರಿಕ್ವೆಸ್ಟ್ ಕಳಿಸಿದ, ಒಪ್ಪಿಕೊಂಡೆ. ಈಗ ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟಾಗಿ 15,000 ರೂಪಾಯಿ ಹಾಕಿ ಅಂತಿದ್ದಾನೆ. ಮಸ್ಕತ್‌ನಲ್ಲಿ ನರ್ಸ್ ಆಗಿರುವ ಹುಡುಗಿಯೊಬ್ಬಳು 'ನೀವು ನನ್ನ ಪರೀಕ್ಷೆ ಫೀಸು ಕಟ್ಟಿದ್ದು ಮರೆತಿಲ್ಲ ಟೀಚರ್' ಅಂತ ಬರೆದಿದ್ದಾಳೆ, ಅದೊಂದು ಖುಷಿ. ಯಜಮಾನರು 'ನಾನು ಹೇಳಿರಲಿಲ್ವಾ' ಅಂತ ನಗುತ್ತಾರೆ. ಬಿಟ್ಟುಬಿಡಲಾ?

ಉತ್ತರ: ಟೀಚರ್, ಮೊದಲು ದುಡ್ಡಿನ ವಿಷಯ. ಕಳಿಸಬೇಡಿ.

ಮೊದಲೇ ಫ್ರೆಂಡ್ ಆಗಿದ್ದವನು ಮತ್ತೆ ಯಾಕೆ ರಿಕ್ವೆಸ್ಟ್ ಕಳಿಸುತ್ತಾನೆ? ಯಾರೋ ಅವನ ಹೆಸರು, ಫೋಟೊ ಎತ್ತಿಕೊಂಡು ಹೊಸ ಖಾತೆ ತೆರೆದು, ಅವನ ಫ್ರೆಂಡ್ಸ್ ಪಟ್ಟಿಯಲ್ಲಿ ಕಂಡವರಿಗೆಲ್ಲ ಗಾಳ ಹಾಕಿದ್ದಾರೆ. ನಮ್ಮಲ್ಲಿ ತುಂಬಾ ನಡೆಯುವ ಮೋಸ ಇದು, ಪೊಲೀಸ್ ಅಧಿಕಾರಿಗಳ ಹೆಸರಿನಲ್ಲೂ ಹೀಗೆ ಮಾಡಿದ್ದಾರೆ. ಗುರುವಂದನೆ ಓಡಾಟದಲ್ಲಿರುವ ಹುಡುಗರ ಹತ್ತಿರ ಅವನ ಫೋನ್ ನಂಬರ್ ಇದ್ದೇ ಇರುತ್ತೆ. ತೆಗೆದುಕೊಂಡು ಒಂದು ಫೋನ್ ಮಾಡಿ. ಅವನು ಎಲ್ಲೋ ಆರಾಮಾಗಿ ಕಾಫಿ ಕುಡಿಯುತ್ತಾ ಇರುವ ಸಾಧ್ಯತೆಯೇ ಜಾಸ್ತಿ. ಆಮೇಲೆ ಆ ನಕಲಿ ಖಾತೆಯನ್ನು ರಿಪೋರ್ಟ್ ಮಾಡಿ, ಅವನಿಗೂ ಮಾಡಲು ಹೇಳಿ. ಈ ಉತ್ತರ ಓದುವಷ್ಟರಲ್ಲಿ ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಪಟ್ಟುಕೊಂಡು ಸುಮ್ಮನೆ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯಲು ದಾರಿ ಇರುತ್ತೆ.

ಇನ್ನು ಗ್ಯಾಸ್ ಹುಡುಗ. ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳುವಾಗ 'ನಿಮ್ಮ ಕಾಂಟ್ಯಾಕ್ಟ್ಸ್ ನೋಡಬಹುದಾ' ಅಂತ ಕೇಳುತ್ತೆ. ನೀವೋ, ನಿಮಗೆ ಆ್ಯಪ್ ಹಾಕಿಕೊಟ್ಟ ಶಿಷ್ಯನೋ ಓಕೆ ಒತ್ತಿರಬಹುದು. ಒತ್ತಿದರೆ ಫೋನಿನಲ್ಲಿರುವ ನಂಬರೆಲ್ಲ ಅವರಿಗೆ ಹೋಯಿತು. ನೀವು ಒತ್ತದೇ ಇದ್ದರೂ, ನಿಮ್ಮ ನಂಬರ್ ಇಟ್ಟುಕೊಂಡಿರುವ ಅವನು ಒತ್ತಿದ್ದರೆ ಸಾಕು. ಬೇರೆಯವರ ಕೈಯಲ್ಲಿ ನಮ್ಮ ವಿಷಯ ಎಷ್ಟಿದೆ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ, ಲೆಕ್ಕದ ಟೀಚರ್ ಅಲ್ವಾ ನೀವು. 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಅನ್ನುವ, ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಬ್ರಿಟಿಷ್ ಕಂಪನಿಯ ಹಗರಣ ಬಯಲಾಯಿತು. ಒಂದು ಕ್ವಿಜ್ ಆ್ಯಪ್ ಮೂಲಕ ಜನರ ಮಾಹಿತಿ ಸೋರಿತ್ತು. ಫೇಸ್‌ಬುಕ್ಕೇ ಆಗ ಹೇಳಿದ ಪ್ರಕಾರ ಆ ಆ್ಯಪ್ ಹಾಕಿಕೊಂಡಿದ್ದ ಭಾರತೀಯರು ಬರೀ 335. ಆದರೆ ಹಾಕಿಕೊಂಡವರ ಫ್ರೆಂಡ್ಸ್ ಅನ್ನುವ ಒಂದೇ ಕಾರಣಕ್ಕೆ ಮಾಹಿತಿ ಹೋಗಿರಬಹುದಾದ ಭಾರತೀಯರು 5,62,120! ನಿಮ್ಮ ಅನುಮಾನ ಸುಳ್ಳಲ್ಲ. ಅದನ್ನು ಹಾಗೇ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ಗೆ ಹೋಗಿ ಕಾಂಟ್ಯಾಕ್ಟ್ಸ್ ಅಪ್‌ಲೋಡ್ ನಿಲ್ಲಿಸಿ, ಹೋಗಿರುವುದನ್ನು ಅಳಿಸಿ, ಪ್ರೊಫೈಲ್ ಲಾಕ್ ಮಾಡಿ. ನಿಮ್ಮ ಫೋಟೊ ಎತ್ತಿಕೊಂಡು ನಾಳೆ ನಿಮ್ಮ ಶಿಷ್ಯರ ಹತ್ತಿರ ಯಾರೂ ದುಡ್ಡು ಕೇಳಬಾರದು ನೋಡಿ.

ನಿಮಗೆ ನಿಜವಾಗಿ ನೋವಾಗಿರುವುದು ಮಾತ್ರ ಆ ಬೈಯುವ ಹುಡುಗನಿಂದ ಅಂತ ಪತ್ರ ಓದಿದಾಗ ಅನ್ನಿಸಿತು. ದಯವಿಟ್ಟು ಅವನ ಪೋಸ್ಟ್ ಕೆಳಗೆ ಬುದ್ಧಿ ಹೇಳಲು ಹೋಗಬೇಡಿ. ಅವನೀಗ ಹುಡುಗನಲ್ಲ, ಅವನ ಮಕ್ಕಳೇ ಹೈಸ್ಕೂಲಿನಲ್ಲಿರಬಹುದು. ನಾಲ್ಕು ಜನರ ಮುಂದೆ ಟೀಚರ್ ಗದರಿದರೆ ತಲೆ ತಗ್ಗಿಸುವ ವಯಸ್ಸು ಅವನಿಗೆ ದಾಟಿದೆ, ಅವಮಾನ ಆಯಿತು ಅಂತ ಇನ್ನೂ ಜೋರಾಗುತ್ತಾನೆ, ಅವನ ಪರವಾಗಿ ನಾಲ್ಕು ಜನ ಅಪರಿಚಿತರು ಬಂದು ನಿಮಗೂ ಸೇರಿಸಿ ಬೈಯುತ್ತಾರೆ, ಅಲ್ಲಿಗೆ ನಿಮ್ಮ ರಾತ್ರಿ ನಿದ್ದೆ ಹೋಯಿತು. ಅಷ್ಟೇ ಅಲ್ಲ, ಕಾಮೆಂಟ್ ಬಿದ್ದಷ್ಟೂ ಪೋಸ್ಟ್ ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತೆ. ಅವನು ಬೈದಿದ್ದನ್ನು ನೀವೇ ಊರಿಗೆಲ್ಲ ಹಂಚಿದ ಹಾಗೆ. 'ಅನ್‌ಫಾಲೋ' ಒತ್ತಿ. ಅವನು ಫ್ರೆಂಡ್ ಆಗಿಯೇ ಇರುತ್ತಾನೆ, ಒತ್ತಿದ್ದು ಅವನಿಗೆ ಗೊತ್ತಾಗುವುದೂ ಇಲ್ಲ, ಅವನ ಪೋಸ್ಟ್ ಮಾತ್ರ ನಿಮ್ಮ ಮುಂದೆ ಬರುವುದಿಲ್ಲ.

ಬೈಸಿಕೊಂಡವರು ನಿಮ್ಮದೇ ಇನ್ನೊಬ್ಬ ವಿದ್ಯಾರ್ಥಿಯಾದರೆ ವಿಷಯ ಬೇರೆ. ಆಗ ಫೋನ್ ಮಾಡಿ ನೇರವಾಗಿ ಹೇಳಿ. ಇಲ್ಲದಿದ್ದರೆ ಗುರುವಂದನೆಯ ದಿನ ಹೇಗೂ ಸಿಗುತ್ತಾನೆ. ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೆಲಸ ಏನು, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಅಂತ ಕೇಳಿ. 'ನಿನ್ನ ಬರಹ ಓದಿದೆ ಕಣೋ, ಬೇಜಾರಾಯಿತು' ಅಂತ ಒಂದು ಮಾತು ಅಲ್ಲಿ ಹೇಳಿ. ಬದಲಾಗುತ್ತಾನೆ ಅಂತ ನಾನೇನೂ ಭರವಸೆ ಕೊಡುವುದಿಲ್ಲ. ಆದರೆ ಎದುರಿಗೆ ಕೂತವನಿಗೆ ಹೇಳಿದ್ದು ಅವನ ಕಿವಿಗಾದರೂ ಬೀಳುತ್ತೆ.

ಯಜಮಾನರ ನಗು ದೊಡ್ಡ ಸಮಸ್ಯೆ ಅಂತ ನನಗೆ ಅನ್ನಿಸಲಿಲ್ಲ. ನಗಲಿ ಬಿಡಿ.

ಬಿಡುವ ವಿಷಯ ಗುರುವಂದನೆ ಮುಗಿದ ಮೇಲೆ ಯೋಚಿಸಿ. ಅಲ್ಲಿಯವರೆಗೆ ನಿಮ್ಮ ಕೆಲಸ ಇದ್ದಾಗ ಹೋಗಿ, ನೋಡಿ, ಬನ್ನಿ. ಎಲ್ಲರ ಫೋಟೊಗೂ ಲೈಕ್ ಒತ್ತಬೇಕು, ಎಲ್ಲ ರಿಕ್ವೆಸ್ಟ್ ಒಪ್ಪಬೇಕು ಅಂತೇನಿಲ್ಲ. ಆಮೇಲೂ ಬೇಡ ಅನ್ನಿಸಿದರೆ ಡಿಲೀಟ್ ಕೊಡಿ, 30 ದಿನದ ಒಳಗೆ ಮನಸ್ಸು ಬದಲಾದರೆ ವಾಪಸ್ ಬರಬಹುದು. ಫೋಟೊಗಳನ್ನು ಮಾತ್ರ ಮೊದಲೇ ಇಳಿಸಿಟ್ಟುಕೊಳ್ಳಿ.

ಆ ಮಸ್ಕತ್ ಹುಡುಗಿಗೆ ಉತ್ತರ ಬರೆದಿರಾ? ಪತ್ರದಲ್ಲಿ ಅದನ್ನು ಹೇಳಲೇ ಇಲ್ಲ. ಎಲ್ಲರ ಮುಂದೆ ಕಾಮೆಂಟ್ ಬೇಡ, ಮೆಸೆಂಜರ್‌ನಲ್ಲಿ ಬರೆಯಿರಿ, ಅವಳ ಫೋನ್ ನಂಬರ್ ಕೇಳಿ. ಈ ಸಲ ಹುಷಾರಾಗಿ, ಅವಳೇ ಅಂತ ಖಚಿತ ಮಾಡಿಕೊಂಡು.