ಇಲ್ಲದ ಸಂಕೇತ ಪರದೆಯ ಮೇಲೆ ಕಾಣುವುದೇಕೆ?

ಪ್ರಶ್ನೆ: ನಾನು ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ವಿದ್ಯಾರ್ಥಿ. ಕಂಪ್ಯೂಟರಿಗೆ ಜೋಡಿಸುವ ಸಾಫ್ಟ್‌ವೇರ್ ರೇಡಿಯೊವನ್ನು 100 ಮೆಗಾಹರ್ಟ್ಸ್‌ಗೆ ಇಟ್ಟು, ಪಕ್ಕದ ಮೇಜಿನ ಸಿಗ್ನಲ್ ಜನರೇಟರ್‌ನಿಂದ 102.3 ಮೆಗಾಹರ್ಟ್ಸ್ ಸಂಕೇತ ಕಳುಹಿಸಿದರೆ, 97.7ರಲ್ಲಿಯೂ ಮಂದವಾದ ಇನ್ನೊಂದು ಗೆರೆ ಕಾಣುತ್ತದೆ. ಇದು ನಮ್ಮ ಗೋಳಗುಮ್ಮಟದ ಮಾರ್ದನಿಯಂತೆ ಗೋಡೆಗೆ ಬಡಿದು ಬಂದ ಅಲೆಯೇ?

ಉತ್ತರ: ಅಲ್ಲ. ಮಾರ್ದನಿಯು ತಡವಾಗಿ ಬರುತ್ತದೆಯೇ ಹೊರತು ಸ್ವರ ಬದಲಿಸುವುದಿಲ್ಲ. ಗುಮ್ಮಟದಲ್ಲಿ ನೀವು ಎಷ್ಟು ಸಲ ಕೂಗಿದರೂ ನಿಮ್ಮ ಸ್ವರವೇ ಮರಳುತ್ತದೆ. ನಿಮ್ಮ ಪರದೆಯ ಗೆರೆಯಾದರೋ ಅದೇ ಕ್ಷಣದಲ್ಲಿ, ಬೇರೆಯೇ ಕಂಪನಾಂಕದಲ್ಲಿ, 100ರ ಆಚೆಗೆ ಮೂಲ ಸಂಕೇತ ಎಷ್ಟು ದೂರವಿದೆಯೋ ಈಚೆಗೆ ಅಷ್ಟೇ ದೂರದಲ್ಲಿ ನಿಂತಿದೆ. ಅದು ರೇಡಿಯೊದ ಒಳಗೇ ಹುಟ್ಟಿದ ಪ್ರತಿಬಿಂಬ.

ಇಂಥ ರೇಡಿಯೊಗಳಲ್ಲಿ ಬಂದ ಅಲೆಯನ್ನು ಎರಡು ಮಿಕ್ಸರ್‌ಗಳಿಗೆ (ಎರಡು ಅಲೆಗಳನ್ನು ಗುಣಿಸುವ ಮಂಡಲ) ಹಂಚಿ, ಒಂದಕ್ಕೆ ಲೋಕಲ್ ಆಸಿಲೇಟರ್‌ನ, ಅಂದರೆ ರೇಡಿಯೊದೊಳಗೆ ಟ್ಯೂನ್ ಮಾಡಿದ ಕಂಪನಾಂಕದ ಅಲೆ ಹುಟ್ಟಿಸುವ ಮಂಡಲದ, ಅಲೆಯನ್ನು ನೇರವಾಗಿಯೂ ಇನ್ನೊಂದಕ್ಕೆ ಅದನ್ನೇ 90 ಡಿಗ್ರಿ ಸರಿಸಿಯೂ ಕೊಡುತ್ತಾರೆ. ಹೀಗೆ ದೊರೆಯುವ ಎರಡು ಕವಲುಗಳಿಗೆ ಐ ಮತ್ತು ಕ್ಯೂ ಎಂದು ಹೆಸರು. ಒಂದೇ ಕವಲಿದ್ದರೆ ಸಂಕೇತವು 100ರ ಮೇಲಿನದೋ ಕೆಳಗಿನದೋ ತಿಳಿಯದು. ಎರಡನ್ನೂ ಕೂಡಿಸಿದಾಗ ಮಾತ್ರ ತಪ್ಪು ಬದಿಯ ಭಾಗ ಪರಸ್ಪರ ವಜಾ ಆಗುತ್ತದೆ. ಆದರೆ ಆ ವಜಾ ಪೂರ್ಣವಾಗಬೇಕಾದರೆ ಎರಡೂ ಕವಲುಗಳ ವರ್ಧನೆ ಒಂದೇ ಆಗಿರಬೇಕು, ಫೇಸ್ ಅಂತರ, ಅಂದರೆ ಒಂದು ಅಲೆ ಇನ್ನೊಂದರಿಂದ ಸರಿದಿರುವ ಕೋನ, ಸರಿಯಾಗಿ 90 ಡಿಗ್ರಿ ಇರಬೇಕು. ವರ್ಧನೆಯಲ್ಲಿ 0.1 ಡೆಸಿಬೆಲ್ (ಶಕ್ತಿಯ ಅನುಪಾತದ ಅಳತೆ), ಫೇಸ್‌ನಲ್ಲಿ 1 ಡಿಗ್ರಿ ತಪ್ಪಿದರೂ ಪ್ರತಿಬಿಂಬವು ಮೂಲಕ್ಕಿಂತ ಸುಮಾರು 40 ಡೆಸಿಬೆಲ್ ಕೆಳಗೆ ಉಳಿಯುತ್ತದೆ. 1 ಡೆಸಿಬೆಲ್ ಮತ್ತು 5 ಡಿಗ್ರಿ ತಪ್ಪಿದರೆ 23 ಡೆಸಿಬೆಲ್ ಅಷ್ಟೇ ಕೆಳಗೆ.

ಖಚಿತಪಡಿಸಿಕೊಳ್ಳಲು ರೇಡಿಯೊವನ್ನು 100.1ಕ್ಕೆ ಸರಿಸಿ ನೋಡಿ. ನಿಜವಾದ ಸಂಕೇತ 102.3ರಲ್ಲಿಯೇ ಇರುತ್ತದೆ, ಪ್ರತಿಬಿಂಬ ಮಾತ್ರ 97.9ಕ್ಕೆ ಹಾರುತ್ತದೆ. ಪರದೆಯ ನಟ್ಟನಡುವೆ ಕಾಣುವ ಮುಳ್ಳಿನಂಥ ಗೆರೆ ಬೇರೆಯದೇ ದೋಷ. ಅದನ್ನು ಇದರೊಡನೆ ಬೆರೆಸಬೇಡಿ.

ಪ್ರಶ್ನೆ: ಬಾಗಲಕೋಟೆಯಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ 100 ಮೆಗಾಹರ್ಟ್ಸ್ ಅಗಲದ ಟ್ರಾನ್ಸ್‌ಸೀವರ್ (ಕಳುಹಿಸುವ, ಪಡೆಯುವ ಎರಡೂ ಕೆಲಸದ ರೇಡಿಯೊ) ಮೇಲೆ ಕೆಲಸ ಮಾಡುತ್ತಿದ್ದೇವೆ. ಐ ಮತ್ತು ಕ್ಯೂಗಳ ಶಕ್ತಿಯನ್ನು ಸಮಮಾಡಿ, ಅವೆರಡರ ಗುಣಲಬ್ಧದ ಸರಾಸರಿಯನ್ನು ಸೊನ್ನೆಗೆ ತಂದಿದ್ದೇವೆ. ಆದರೂ ಎರಡೂ ಅಂಚುಗಳಲ್ಲಿ ಪ್ರತಿಬಿಂಬ ಉಳಿದಿದೆ. ಲೆಕ್ಕದಲ್ಲಿ ತಪ್ಪಿದೆಯೇ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ, ಕೇಳಿದ ಪ್ರಶ್ನೆಯೇ ಸಾಲದಾಗಿದೆ. ಆ ಎರಡು ಸರಾಸರಿಗಳು ಇಡೀ ಕಂಪನಾಂಕ ಪಟ್ಟಿಗೆ (ಬ್ಯಾಂಡ್) ಒಂದೇ ತೆರನಾದ ದೋಷವನ್ನು ಮಾತ್ರ ಹಿಡಿಯಬಲ್ಲವು. ಅಗಲ ಪಟ್ಟಿಯಲ್ಲಿ ಐ ಕವಲಿನ ಲೋ-ಪಾಸ್ ಫಿಲ್ಟರ್ ಮತ್ತು ಕ್ಯೂ ಕವಲಿನ ಫಿಲ್ಟರ್ ತದ್ರೂಪವಾಗಿರುವುದಿಲ್ಲ, ಎರಡು ಕವಲುಗಳ ಸ್ಯಾಂಪಲ್‌ಗಳೂ (ಕ್ಷಣಕ್ಷಣಕ್ಕೆ ಅಳೆದ ಸಂಖ್ಯೆಗಳು) ಒಂದೇ ಕ್ಷಣದಲ್ಲಿ ಸಿಗುವುದಿಲ್ಲ. ಗಾಡಿಗೆ ಹೂಡಿದ ಜೋಡಿ ಎತ್ತುಗಳು ನಿಧಾನವಾಗಿ ನಡೆಯುವಾಗ ಸರಿಸಮ ಕಂಡು, ಓಡಿಸಿದಾಗ ಒಂದು ಹಿಂದೆ ಬೀಳುವುದನ್ನು ನಿಮ್ಮ ಕಡೆಯವರಿಗೆ ನಾನು ವಿವರಿಸಬೇಕಿಲ್ಲ.

ಕ್ಯೂ ಕವಲು 100 ಪಿಕೊಸೆಕೆಂಡ್ ತಡವಾಯಿತೆಂದು ಇಟ್ಟುಕೊಳ್ಳಿ. ನಡುವಿನಿಂದ 5 ಮೆಗಾಹರ್ಟ್ಸ್ ದೂರದಲ್ಲಿ ಇದರಿಂದಾಗುವ ಫೇಸ್ ತಪ್ಪು 0.18 ಡಿಗ್ರಿ, ಪ್ರತಿಬಿಂಬ 56 ಡೆಸಿಬೆಲ್ ಕೆಳಗೆ. 50 ಮೆಗಾಹರ್ಟ್ಸ್ ದೂರದ ಅಂಚಿನಲ್ಲಿ ತಪ್ಪು 1.8 ಡಿಗ್ರಿ, ಪ್ರತಿಬಿಂಬ 36 ಡೆಸಿಬೆಲ್ ಅಷ್ಟೇ ಕೆಳಗೆ. ಇನ್ನೂ ಮುಖ್ಯವಾದುದೆಂದರೆ, ತಡದಿಂದಾಗುವ ಈ ತಪ್ಪಿನ ಚಿಹ್ನೆ ಮೇಲಿನ ಅಂಚಿನಲ್ಲಿ ಒಂದಾದರೆ ಕೆಳಗಿನ ಅಂಚಿನಲ್ಲಿ ಅದಕ್ಕೆ ವಿರುದ್ಧ. ಪಟ್ಟಿಯ ಎರಡೂ ಬದಿಗಳಲ್ಲಿ ಸಮ ಶಕ್ತಿಯಿದ್ದರೆ ಗುಣಲಬ್ಧದ ಸರಾಸರಿ ತಾನಾಗಿಯೇ ಸೊನ್ನೆಯಾಗಿ, ದೋಷವೇ ಇಲ್ಲವೆಂದು ಹೇಳಿಬಿಡುತ್ತದೆ. ಹಟ ಹಿಡಿದು ಮೇಲಿನ ಅಂಚನ್ನು ಒಂದೇ ಸಂಖ್ಯೆಯಿಂದ ಸರಿಪಡಿಸಿದಿರೋ, ಕೆಳಗಿನ ಅಂಚಿನ ತಪ್ಪು 3.6 ಡಿಗ್ರಿಗೆ ಏರಿ ಪ್ರತಿಬಿಂಬ 30 ಡೆಸಿಬೆಲ್‌ಗೆ ಬಂದು ನಿಲ್ಲುತ್ತದೆ. 5ಜಿಯಲ್ಲಿ 256 ಕ್ವಾಮ್ (ಒಂದು ಸಲಕ್ಕೆ 8 ಬಿಟ್ ಹೊರುವ ಸಂಕೇತ ವಿಧಾನ) ಕಳುಹಿಸುವ ಟ್ರಾನ್ಸ್‌ಮಿಟರ್‌ಗೆ ಎಲ್ಲ ದೋಷಗಳೂ ಸೇರಿ ಶೇ 3.5ರಷ್ಟು, ಅಂದರೆ ಸುಮಾರು 29 ಡೆಸಿಬೆಲ್ ಕೆಳಗಿನಷ್ಟು ತಪ್ಪಿಗೆ ಮಾತ್ರ ಅವಕಾಶವಿದೆ. ಅದನ್ನೆಲ್ಲ ಪ್ರತಿಬಿಂಬವೊಂದೇ ನುಂಗಬಾರದು.

ಆದ್ದರಿಂದ ಒಂದು ಸಂಖ್ಯೆಯ ಜಾಗದಲ್ಲಿ ಒಂದು ಪುಟ್ಟ ಎಫ್‌ಐಆರ್ ಫಿಲ್ಟರ್ (ಹಿಂದುಮುಂದಿನ ಕೆಲವು ಸ್ಯಾಂಪಲ್‌ಗಳನ್ನು ಗುಣಾಂಕಗಳಿಂದ ಗುಣಿಸಿ ಕೂಡಿಸುವ ಲೆಕ್ಕ) ಇಡಿ. ಬಂದ ಸಂಕೇತದ ಕಾಂಜುಗೇಟ್ ಅನ್ನು (ಕ್ಯೂನ ಚಿಹ್ನೆ ತಿರುವಿದ ರೂಪ) ಆ ಫಿಲ್ಟರ್ ಮೂಲಕ ಹಾಯಿಸಿ ಮೂಲಕ್ಕೆ ಕೂಡಿಸಿದರೆ, ಪ್ರತಿ ಕಂಪನಾಂಕದಲ್ಲಿಯೂ ಅದಕ್ಕೆ ತಕ್ಕಷ್ಟೇ ಪ್ರತಿಬಿಂಬ ಕಳೆಯುತ್ತದೆ. ಗುಣಾಂಕಗಳನ್ನು ಕಂಡುಹಿಡಿಯಲು ಪಟ್ಟಿಯ ಉದ್ದಕ್ಕೂ, ಎರಡೂ ಬದಿಗಳಲ್ಲಿ, ಒಂದೊಂದಾಗಿ ಪರೀಕ್ಷಾ ಸ್ವರ ಹಾಕಿ ಮೂಲ ಮತ್ತು ಪ್ರತಿಬಿಂಬಗಳ ಅನುಪಾತವನ್ನು ಅಳೆದು, ಲೀಸ್ಟ್ ಸ್ಕ್ವೇರ್ಸ್ ವಿಧಾನದಿಂದ (ತಪ್ಪುಗಳ ವರ್ಗಗಳ ಮೊತ್ತ ಕನಿಷ್ಠವಾಗುವಂತೆ) ಹೊಂದಿಸಿ. 7 ಟ್ಯಾಪ್‌ಗಳ, ಅಂದರೆ 7 ಗುಣಾಂಕಗಳ, ಫಿಲ್ಟರ್ ಆದರೆ ನೇರ ದಾರಿಯ ಸಂಕೇತವನ್ನೂ 3 ಸ್ಯಾಂಪಲ್ ತಡಮಾಡಬೇಕು. ಇದನ್ನು ಮರೆತು, ಫಿಲ್ಟರ್ ಕೆಲಸ ಮಾಡುತ್ತಿಲ್ಲವೆಂದು ದೂರುವವರೇ ಹೆಚ್ಚು.

ಪರೀಕ್ಷಾ ಸ್ವರ ಹಾಕಲಾಗದ ಕಡೆ ಬಂದ ಸಂಕೇತದಿಂದಲೇ ಕಲಿಯುವ ವಿಧಾನವೂ ಉಂಟು. ದೋಷವಿಲ್ಲದ ಸಂಕೇತದಲ್ಲಿ ಒಂದು ಸ್ಯಾಂಪಲ್ ಅನ್ನು ಕಾಂಜುಗೇಟ್ ಮಾಡದೆ ಇನ್ನೊಂದರಿಂದ ಗುಣಿಸಿದ ಸರಾಸರಿ ಸೊನ್ನೆ ಬರಬೇಕು. ನೀವು ಇದನ್ನು ಒಂದೇ ಕ್ಷಣದ ಸ್ಯಾಂಪಲ್‌ಗೆ ಮಾತ್ರ ನೋಡಿದ್ದೀರಿ. ಪಟ್ಟಿಯ ಎರಡು ಬದಿಗಳ ಶಕ್ತಿ ಸಮವಾಗಿಲ್ಲದಾಗ, ಹಿಂದಿನ ಮುಂದಿನ ಕೆಲವು ಸ್ಯಾಂಪಲ್‌ಗಳಿಗೂ ನೋಡಿದರೆ ಅಡಗಿದ ತಡ ಹೊರಬೀಳುತ್ತದೆ; ಸಮವಾಗಿದ್ದರೆ ಇದರಿಂದಲೂ ತಿಳಿಯದು. ಆದರೆ ನಡುವಿಗೆ ಸರಿಯಾಗಿ ಟ್ಯೂನ್ ಮಾಡಿದ ಬಿಪಿಎಸ್‌ಕೆ (ಅಲೆಯನ್ನು ತಿರುವಿ 0, 1 ಕಳುಹಿಸುವುದು) ಅಥವಾ ಎಎಂ (ಅಲೆಯ ಎತ್ತರ ಬದಲಿಸುವುದು) ಸಂಕೇತಕ್ಕೆ ಈ ನಿಯಮ ಹುಟ್ಟಿನಿಂದಲೇ ಅನ್ವಯಿಸದು; ಅಲ್ಲಿ ಫಿಲ್ಟರ್ ದೋಷವನ್ನು ಬಿಟ್ಟು ಸಂಕೇತವನ್ನೇ ಕೊರೆಯತೊಡಗುತ್ತದೆ.

ಪ್ರಶ್ನೆ: ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಟ್ರಾನ್ಸ್‌ಮಿಟರ್‌ನ ಪ್ರತಿಬಿಂಬವನ್ನು ನಮ್ಮದೇ ರಿಸೀವರ್‌ನಿಂದ ಅಳೆಯಹೊರಟರೆ, ದೋಷ ಯಾವುದರದ್ದೆಂದು ಹೇಗೆ ತಿಳಿಯುವುದು?

ಉತ್ತರ: ಎರಡಕ್ಕೂ ಒಂದೇ ಲೋಕಲ್ ಆಸಿಲೇಟರ್ ಕೊಟ್ಟರೆ ತಿಳಿಯುವುದಿಲ್ಲ, ಎರಡೂ ಪ್ರತಿಬಿಂಬಗಳು ಒಂದೇ ಜಾಗದಲ್ಲಿ ಕೂರುತ್ತವೆ. ರಿಸೀವರ್‌ನದ್ದನ್ನು 0.5 ಮೆಗಾಹರ್ಟ್ಸ್ ಕೆಳಗಿಡಿ. ಆಗ ಟ್ರಾನ್ಸ್‌ಮಿಟರ್‌ನಲ್ಲಿ ನಡುವಿನಿಂದ 3 ಮೆಗಾಹರ್ಟ್ಸ್ ಮೇಲೆ ಹಾಕಿದ ಸ್ವರ ರಿಸೀವರ್‌ನಲ್ಲಿ 3.5ರಲ್ಲಿ ಕಾಣುತ್ತದೆ. ಟ್ರಾನ್ಸ್‌ಮಿಟರ್‌ನ ಪ್ರತಿಬಿಂಬ ಮೈನಸ್ 2.5ರಲ್ಲಿ, ರಿಸೀವರ್‌ನದ್ದು ಮೈನಸ್ 3.5ರಲ್ಲಿ ಬೇರೆಬೇರೆಯಾಗಿ ನಿಲ್ಲುತ್ತವೆ. ಮೊದಲನೆಯದನ್ನು ಕಳುಹಿಸುವ ಮುನ್ನವೇ ವಿರುದ್ಧ ದಿಕ್ಕಿನಲ್ಲಿ ತಿದ್ದಿ, ಎರಡನೆಯದನ್ನು ಬಂದ ಮೇಲೆ ತಿದ್ದಬೇಕು. ವರ್ಧನೆಯನ್ನೋ ಕಂಪನಾಂಕವನ್ನೋ ಬದಲಿಸಿದಾಗ, ಉಪಕರಣ ಬಿಸಿಯಾದಾಗ ಈ ಅಳತೆಯನ್ನು ಮತ್ತೆ ಮಾಡಿ. ಬೆಳಿಗ್ಗೆ ತಣ್ಣಗಿದ್ದಾಗ ಪಡೆದ ಗುಣಾಂಕಗಳನ್ನು ಮಧ್ಯಾಹ್ನದ ಪ್ರಯೋಗಕ್ಕೆ ನಂಬಬೇಡಿ.