ಗುಡಿಸಿ ಒರೆಸುವ ರೋಬೋ: ಎರಡರಲ್ಲಿ ಯಾವುದು?

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅತ್ತೆಗೆ ಮಂಡಿನೋವು. ರೋಬೊರಾಕ್ ಎಸ್8 ಪ್ರೊ ಅಲ್ಟ್ರಾ, ಇಕೋವ್ಯಾಕ್ಸ್ ಡೀಬಾಟ್ ಎಕ್ಸ್2 ಓಮ್ನಿ, ಇವೆರಡರಲ್ಲಿ ಯಾವುದು ತಗೊಳ್ಳಲಿ?
- ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡೂ 2023ರಲ್ಲಿ ಬಂದವು, ಎರಡೂ ಒಳ್ಳೆಯವೇ. ಕಸ ಎಳೆಯುವ ಶಕ್ತಿ ರೋಬೊರಾಕ್‌ನದು 6000 ಪಾಸ್ಕಲ್, ಡೀಬಾಟ್‌ನದು 8000. ಟೈಲ್ಸ್ ನೆಲಕ್ಕೆ ಎರಡೂ ಸಾಕು, ಈ ಅಂಕಿ ನೋಡಿ ಸುಮ್ನೆ ಮರುಳಾಗಬೇಡಿ.

ಒರೆಸುವ ರೀತಿ ನೋಡಿ. ರೋಬೊರಾಕ್‌ನಲ್ಲಿ ಒಂದೇ ಅಗಲವಾದ ಬಟ್ಟೆ ನಿಮಿಷಕ್ಕೆ 3000 ಸಲ ಅದುರುತ್ತಾ ಉಜ್ಜುತ್ತದೆ. ಡೀಬಾಟ್‌ನಲ್ಲಿ ಎರಡು ದುಂಡನೆಯ ಬಟ್ಟೆಗಳು ನಿಮಿಷಕ್ಕೆ 180 ಸುತ್ತು ತಿರುಗುತ್ತವೆ, ಆಮೇಲೆ ಅದರ ಡಾಕ್ (ರೋಬೋ ಕೆಲಸ ಮುಗಿಸಿ ಬಂದು ನಿಂತು ಚಾರ್ಜ್ ಆಗುವ ಪೆಟ್ಟಿಗೆ) ಆ ಬಟ್ಟೆಗಳನ್ನು 55 ಡಿಗ್ರಿ ಬಿಸಿನೀರಲ್ಲಿ ತೊಳೆಯುತ್ತದೆ, ಹಾಗಾಗಿ ಒಗ್ಗರಣೆಯ ಎಣ್ಣೆಜಿಡ್ಡು ಬಟ್ಟೆಯಲ್ಲೇ ಕೂತು ಮನೆಯೆಲ್ಲ ಹರಡುವುದು ಕಡಿಮೆ. ಡೀಬಾಟ್‌ನ ಮೈ ಚೌಕಾಕಾರ, ಮೂಲೆಗೂ ಹತ್ತಿರ ಹೋಗುತ್ತದೆ. ಕಾರ್ಪೆಟ್ ಸಿಕ್ಕರೆ ಒದ್ದೆ ಬಟ್ಟೆಯನ್ನು 15 ಮಿ.ಮೀ. ಎತ್ತುತ್ತದೆ, ರೋಬೊರಾಕ್ ಎತ್ತುವುದು 5 ಮಿ.ಮೀ. ಮಾತ್ರ. ಅಡುಗೆಮನೆ ನೆಲವೇ ನಿಮ್ಮ ಚಿಂತೆಯಾದರೆ ನಾನು ಡೀಬಾಟ್ ಅನ್ನುತ್ತೇನೆ. ಉದ್ದ ಕೂದಲು ಜಾಸ್ತಿ ಉದುರುವ ಮನೆಯಾದರೆ ರೋಬೊರಾಕ್, ಅದರ ಜೋಡಿ ರಬ್ಬರ್ ರೋಲರ್‌ಗೆ ಕೂದಲು ಸುತ್ತಿಕೊಳ್ಳುವುದು ಕಮ್ಮಿ.

ಕೊಳ್ಳುವ ಮೊದಲು ಹೊಸಿಲು ಅಳೆಯಿರಿ. ಎರಡೂ ಹತ್ತುವುದು ಸುಮಾರು 2 ಸೆಂ.ಮೀ. ಅಷ್ಟೇ, ನಮ್ಮ ಮನೆಗಳ ಹೊಸಿಲು ಅದಕ್ಕಿಂತ ಎತ್ತರ ಇರುತ್ತದೆ ಅಲ್ವಾ. ಟ್ಯಾಂಕಿಗೆ ಫಿನಾಯಿಲ್ ಹಾಕಬೇಡಿ. ಕೊಳೆನೀರಿನ ಟ್ಯಾಂಕ್ ತುಂಬಿದರೆ ಭಾರ, ಅತ್ತೆಗೆ ಎತ್ತಲು ಬಿಡದೆ ನೀವೇ ಚೆಲ್ಲಿ.