ಅಪ್ಲಿಕೇಶನ್ ಪ್ರಿಂಟರ್ ಡ್ರೈವರ್ ಜೊತೆ ಹೇಗೆ ವ್ಯವಹರಿಸುತ್ತದೆ? ನನ್ನ ಕನ್ನಡ ಬಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುವುದೇಕೆ?

ನೀವು ಕೇಳಿರುವುದು ಎರಡು ವಿಷಯ. ಒಂದೊಂದು ಕಂಪನಿಯ ಪ್ರಿಂಟರ್‌ಗೂ ಒಂದೊಂದು ಭಾಷೆ ಇರುವಾಗ ಅಪ್ಲಿಕೇಶನ್‌ಗಳು ಅಷ್ಟೂ ಡ್ರೈವರ್‌ಗಳೊಂದಿಗೆ ಹೇಗೆ ವ್ಯವಹರಿಸುತ್ತವೆ ಎಂಬುದು ಮೊದಲನೆಯದು. ವಿಂಡೋಸ್‌ನಲ್ಲಿ ನೀವು ಬರೆದ ಬಿಲ್ಲಿಂಗ್ ಪ್ರೋಗ್ರಾಂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳನ್ನು ಮುದ್ರಿಸುತ್ತಿದೆ, ಅದೇ ಪ್ರಿಂಟರ್‌ನಲ್ಲಿ ನೋಟ್‌ಪ್ಯಾಡ್‌ನಿಂದ ಕನ್ನಡ ಸರಿಯಾಗಿಯೇ ಬರುತ್ತದೆ, ಹೀಗೇಕೆ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯ ಉತ್ತರ ಮೊದಲನೆಯದರೊಳಗೇ ಇದೆ. ಅಂಗಡಿಗಳಿಗೆ, ಸಹಕಾರ ಸಂಘಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯುವುದೇ ನನ್ನ ಕೆಲಸವಾದ್ದರಿಂದ ಈ ತೊಂದರೆಯನ್ನು ನಾನೂ ಅನುಭವಿಸಿದ್ದೇನೆ. ಹೀಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಡಾಸ್ ಕಾಲದಲ್ಲಿ ಈ ಹೊರೆಯೆಲ್ಲ ಅಪ್ಲಿಕೇಶನ್‌ನ ತಲೆಯ ಮೇಲಿತ್ತು. ಎಲ್‌ಪಿಟಿ1 ಎಂಬ ದಾರಿಯೊಂದನ್ನು ತೋರಿಸಿ, ಅದರಲ್ಲಿ ಬೈಟ್‌ಗಳನ್ನು ಸಾಗಿಸಿಕೊಡುವುದಷ್ಟೇ ಡಾಸ್ ಮಾಡುತ್ತಿದ್ದ ಕೆಲಸ. ದಪ್ಪ ಅಕ್ಷರ ಬೇಕಾದರೆ ಯಾವ ಸಂಕೇತ ಕಳುಹಿಸಬೇಕು, ಕಾಗದವನ್ನು ಎಷ್ಟು ಮೇಲೆ ಸರಿಸಬೇಕು ಎಂಬುದನ್ನೆಲ್ಲ ವರ್ಡ್‌ಸ್ಟಾರ್, ವರ್ಡ್‌ಪರ್ಫೆಕ್ಟ್‌ಗಳಂಥ ಪ್ರೋಗ್ರಾಂಗಳೇ ತಿಳಿದಿರಬೇಕಿತ್ತು. ಆದ್ದರಿಂದ ಪ್ರತಿಯೊಂದು ಪ್ರೋಗ್ರಾಂ ತನ್ನದೇ ಪ್ರಿಂಟರ್ ಡ್ರೈವರ್‌ಗಳ ಕಟ್ಟನ್ನು ಹೊತ್ತು ತರುತ್ತಿತ್ತು. ನಿಮ್ಮ ಪ್ರೋಗ್ರಾಂ ಈಗಲೂ ಬಹುಮಟ್ಟಿಗೆ ಈ ಹಳೆಯ ಕ್ರಮದಲ್ಲೇ ಕೆಲಸ ಮಾಡುತ್ತಿದೆ ಎಂಬುದು ನನ್ನ ಊಹೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ವಿಂಡೋಸ್ ಈ ಹೊರೆಯನ್ನು ಅಪ್ಲಿಕೇಶನ್‌ನಿಂದ ಇಳಿಸಿತು. ಇಲ್ಲಿ ಅಪ್ಲಿಕೇಶನ್ ಪ್ರಿಂಟರ್‌ನ ಭಾಷೆಯಲ್ಲಿ ಒಂದಕ್ಷರವನ್ನೂ ಆಡುವುದಿಲ್ಲ. ಪುಟ ಹೇಗಿರಬೇಕು ಎಂಬುದನ್ನು ಆಪರೇಟಿಂಗ್ ಸಿಸ್ಟಂನ ಭಾಷೆಯಲ್ಲಿ ವಿವರಿಸುತ್ತದೆ, ಅಷ್ಟೇ. ಆ ವಿವರಣೆಯನ್ನು ಪ್ರಿಂಟರ್‌ಗೆ ತಿಳಿಯುವ ಆಜ್ಞೆಗಳಾಗಿ ಮಾರ್ಪಡಿಸುವ ಅನುವಾದಕನೇ ಡ್ರೈವರ್. ಡ್ರೈವರ್ ಎಂಬ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಕೇಳಿದೊಡನೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನೊಳಗೆ ಕುಳಿತು ಯಂತ್ರಾಂಶವನ್ನು ನೇರವಾಗಿ ಮುಟ್ಟುವ ತುಣುಕು ಎಂದು ಅನ್ನಿಸಿಬಿಡುತ್ತದೆ. ವಿಂಡೋಸ್ ಎನ್‌ಟಿ 4.0ರಲ್ಲಿ ಡ್ರೈವರ್‌ನ ಚಿತ್ರ ರಚಿಸುವ ಭಾಗ ನಿಜಕ್ಕೂ ಕರ್ನಲ್‌ನಲ್ಲೇ ಓಡುತ್ತಿತ್ತು, ಅದರಲ್ಲಿನ ಒಂದು ದೋಷ ಇಡೀ ಕಂಪ್ಯೂಟರನ್ನು ನಿಲ್ಲಿಸಬಲ್ಲದಾಗಿತ್ತು. ವಿಸ್ಟಾದಿಂದ ಈಚೆಗೆ ಅಂಥ ಡ್ರೈವರ್‌ಗಳಿಗೆ ಅವಕಾಶವಿಲ್ಲ. ಈಗ ಪ್ರಿಂಟರ್ ಡ್ರೈವರ್ ಎಂದರೆ ಸಾಮಾನ್ಯ ಪ್ರೋಗ್ರಾಂಗಳ ಮಟ್ಟದಲ್ಲಿ ಓಡುವ ಕೆಲವು ಡಿಎಲ್‌ಎಲ್ ಕಡತಗಳು, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್‌ನ ಕಟ್ಟುಗಳು. ಕರ್ನಲ್‌ನಲ್ಲಿ ಉಳಿದಿರುವುದು ಯುಎಸ್‌ಬಿ ತಂತಿಯ ಮೇಲೆ ಬೈಟ್‌ಗಳನ್ನು ದಾಟಿಸುವ ಭಾಗ ಮಾತ್ರ. ಆ ಬೈಟ್‌ಗಳ ಅರ್ಥ ಅದಕ್ಕೆ ಬೇಕಾಗಿಲ್ಲ.

ಅಪ್ಲಿಕೇಶನ್‌ಗೂ ಡ್ರೈವರ್‌ಗೂ ನಡುವೆ ಎರಡು ಬಗೆಯ ವ್ಯವಹಾರ ನಡೆಯುತ್ತದೆ. ಒಂದು ವಿಚಾರಣೆ, ಇನ್ನೊಂದು ರಚನೆ. ಪ್ರೋಗ್ರಾಂ ಬರೆಯುವವರು ಬಹಳ ಸಲ ಎರಡನೆಯದನ್ನಷ್ಟೇ ಗಮನಿಸಿ ಮೊದಲನೆಯದನ್ನು ಮರೆಯುತ್ತಾರೆ.

ವಿಚಾರಣೆ ಎಂದರೆ, ನಿನ್ನಲ್ಲಿ ಯಾವ ಅಳತೆಯ ಕಾಗದಗಳಿವೆ, ಎರಡೂ ಬದಿಗೆ ಮುದ್ರಿಸಬಲ್ಲೆಯಾ, ಒಂದು ಇಂಚಿಗೆ ಎಷ್ಟು ಚುಕ್ಕೆ, ಅಂಚಿನಲ್ಲಿ ಮುದ್ರಿಸಲಾಗದ ಜಾಗ ಎಷ್ಟು ಎಂದು ಕೇಳಿ ತಿಳಿಯುವುದು. ವಿಂಡೋಸ್‌ನಲ್ಲಿ ಈ ಆಯ್ಕೆಗಳೆಲ್ಲ ಡೆವ್‌ಮೋಡ್ ಎಂಬ ಒಂದು ದತ್ತಾಂಶ ರಚನೆಯಲ್ಲಿ ಸೇರುತ್ತವೆ. ಅದರ ಮೊದಲ ಭಾಗ ಎಲ್ಲರಿಗೂ ತಿಳಿಯುವಂಥದು: ಕಾಗದದ ಅಳತೆ, ಉದ್ದವೋ ಅಡ್ಡವೋ, ಎಷ್ಟು ಪ್ರತಿ. ಅದರ ಬೆನ್ನಿಗೇ ಡ್ರೈವರ್‌ಗೆ ಮಾತ್ರ ಅರ್ಥವಾಗುವ ಖಾಸಗಿ ಭಾಗವೊಂದು ಇರುತ್ತದೆ. ಶಾಯಿ ಉಳಿಸುವ ಕ್ರಮ, ಮಾರ್ಜಿನ್ ಇಲ್ಲದ ಮುದ್ರಣ ಮುಂತಾದ ಆಯಾ ಕಂಪನಿಯ ವಿಶೇಷ ಸೌಲಭ್ಯಗಳು ಅಲ್ಲಿರುತ್ತವೆ. ಅಪ್ಲಿಕೇಶನ್ ಆ ಭಾಗವನ್ನು ಓದುವಂತಿಲ್ಲ, ಬಿಚ್ಚದ ಲಕೋಟೆಯಂತೆ ಜೋಪಾನವಾಗಿ ಇಟ್ಟುಕೊಂಡು ಹಾಗೆಯೇ ಹಿಂದಿರುಗಿಸಬೇಕು. ‘ಪ್ರಾಪರ್ಟೀಸ್’ ಗುಂಡಿ ಒತ್ತಿದಾಗ ಕಾಣುವ ಕಿಟಕಿಯನ್ನು ತೋರಿಸುವುದೂ ಡ್ರೈವರೇ. ಡ್ರೈವರ್‌ನ ಆ ಭಾಗ ಅಪ್ಲಿಕೇಶನ್‌ನ ಪ್ರಕ್ರಿಯೆಯೊಳಕ್ಕೇ ಬಂದು ಕೂರಬಹುದಾದ್ದರಿಂದ, ಕೆಟ್ಟ ಡ್ರೈವರ್ ಒಂದು ಯಾವ ತಪ್ಪೂ ಮಾಡದ ಅಪ್ಲಿಕೇಶನ್‌ ಅನ್ನು ಬೀಳಿಸಿದ ಪ್ರಸಂಗಗಳು ಉಂಟು.

ಇಂಚಿಗೆ ಎಷ್ಟು ಚುಕ್ಕೆ ಎಂದು ವಿಚಾರಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಪರದೆಗೆಂದು ಇಂಚಿಗೆ 96 ಚುಕ್ಕೆಯ ಲೆಕ್ಕದಲ್ಲಿ ಬರೆದ ರಚನೆಯನ್ನೇ ನಾನು 600 ಚುಕ್ಕೆಯ ಲೇಸರ್ ಪ್ರಿಂಟರ್‌ಗೆ ಕಳುಹಿಸಿದ್ದೆ. ಪರದೆಯಲ್ಲಿ 794 ಚುಕ್ಕೆ ಅಗಲ, 1123 ಚುಕ್ಕೆ ಎತ್ತರವಾಗಿ ತುಂಬಿಕೊಂಡಿದ್ದ ಎ4 ಪುಟ, ಕಾಗದದ ಎಡಮೂಲೆಯಲ್ಲಿ ಸುಮಾರು 3.4 ಸೆಂಟಿಮೀಟರ್ ಅಗಲ, 4.8 ಸೆಂಟಿಮೀಟರ್ ಎತ್ತರದ ಅಂಚೆಚೀಟಿಯಾಗಿ ಹೊರಬಂತು. ಡ್ರೈವರ್ ಏನೂ ತಪ್ಪು ಮಾಡಿರಲಿಲ್ಲ. ಕೇಳಿದಷ್ಟು ಚುಕ್ಕೆಗಳನ್ನು ಅದು ಕೊಟ್ಟಿತ್ತು.

ಇನ್ನು ರಚನೆ. ಅಪ್ಲಿಕೇಶನ್ ಪ್ರಿಂಟರ್‌ನ ಹೆಸರು ಹೇಳಿ ಒಂದು ‘ಡಿವೈಸ್ ಕಾಂಟೆಕ್ಸ್ಟ್’, ಅಂದರೆ ಆ ಪ್ರಿಂಟರ್‌ಗೆಂದು ರಚನೆ ಮಾಡಲು ಬೇಕಾದ ಹಿಡಿಕೆಯೊಂದನ್ನು ಪಡೆಯುತ್ತದೆ. ‘ಸ್ಟಾರ್ಟ್‌ಡಾಕ್’ ಎಂದು ಕಡತವನ್ನೂ ‘ಸ್ಟಾರ್ಟ್‌ಪೇಜ್’ ಎಂದು ಪುಟವನ್ನೂ ಆರಂಭಿಸಿ, ಇಲ್ಲಿಂದ ಇಲ್ಲಿಗೆ ಗೆರೆ ಎಳೆ, ಈ ಫಾಂಟ್‌ನಲ್ಲಿ ಈ ಜಾಗದಲ್ಲಿ ಈ ಪಠ್ಯ ಇಡು, ಈ ಚಿತ್ರ ಕೂರಿಸು ಎಂದು ಹೇಳುತ್ತಾ ಹೋಗುತ್ತದೆ. ಪರದೆಯ ಮೇಲೆ ಚಿತ್ರ ಬಿಡಿಸಲು ಬಳಸುವ ಜಿಡಿಐ ಎಂಬ ವಿಂಡೋಸ್‌ನ ಭಾಗಕ್ಕೆ ಮಾಡುವ ಕರೆಗಳೇ ಇವು. ಬಹುತೇಕ ಡ್ರೈವರ್‌ಗಳ ಮಟ್ಟಿಗೆ ಈ ಆದೇಶಗಳು ಕೂಡಲೇ ಡ್ರೈವರ್‌ಗೆ ಹೋಗುವುದಿಲ್ಲ. ಇಎಂಎಫ್ ಎಂಬ ರೂಪದಲ್ಲಿ ದಾಖಲಾಗಿ, ಮುದ್ರಣದ ಕೆಲಸಗಳನ್ನು ಸರದಿಯಲ್ಲಿಟ್ಟು ನಡೆಸುವ ಸ್ಪೂಲರ್‌ನ ಕೈಸೇರುತ್ತವೆ. ‘ಎಂಡ್‌ಡಾಕ್’ ಎಂದೊಡನೆ ಅಪ್ಲಿಕೇಶನ್‌ನ ಪಾಲಿನ ಕೆಲಸ ಮುಗಿಯಿತು. ಕಾಗದ ಇನ್ನೂ ಅಲ್ಲಾಡದಿದ್ದರೂ ನೀವು ಮುಂದಿನ ಬಿಲ್ ಹಾಕಲು ಸಾಧ್ಯವಾಗುವುದು ಇದರಿಂದಲೇ. ಪ್ರಿಂಟರ್‌ನಲ್ಲಿ ಕಾಗದ ಮುಗಿದಿದ್ದರೂ ನಿಮ್ಮ ಪ್ರೋಗ್ರಾಂ ‘ಮುದ್ರಣವಾಯಿತು’ ಎಂದು ಹೇಳಿಬಿಡುವುದೂ ಇದರಿಂದಲೇ. ಮುಂದೆ ಏನಾಯಿತೆಂದು ತಿಳಿಯಬೇಕಾದರೆ ಸ್ಪೂಲರ್‌ನಲ್ಲಿ ಆ ಕೆಲಸದ ಸ್ಥಿತಿಯನ್ನು ಬೇರೆಯಾಗಿಯೇ ವಿಚಾರಿಸಬೇಕು.

ಆಮೇಲೆ ಸ್ಪೂಲರ್ ತನ್ನ ಬಿಡುವಿನಲ್ಲಿ ಆ ದಾಖಲೆಯನ್ನು ಮೊದಲಿನಿಂದ ಓದಿಸುತ್ತದೆ, ಜಿಡಿಐ ಒಂದೊಂದು ಆದೇಶವನ್ನೂ ಡ್ರೈವರ್‌ಗೆ ಒಪ್ಪಿಸುತ್ತದೆ. ಡ್ರೈವರ್ ತನಗೆ ಬಾರದ ಕೆಲಸವನ್ನು ಜಿಡಿಐಗೇ ಮರಳಿಸಿ ಚುಕ್ಕೆಗಳ ರೂಪದಲ್ಲಿ ಸಿದ್ಧಪಡಿಸಿಕೊಳ್ಳಬಹುದು. ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ ವಿವರಣೆಯ ಭಾಷೆ ಬಲ್ಲ ಪ್ರಿಂಟರ್‌ಗೆ ಗೆರೆಯೊಂದು ಗೆರೆಯಾಗಿಯೇ ಹೋಗುತ್ತದೆ. ಅಗ್ಗದ ಪ್ರಿಂಟರ್‌ಗಳಿಗೆ ಇಡೀ ಪುಟವೇ ಚುಕ್ಕೆಗಳಾಗಿ ಹೋಗಬೇಕು. ಇಂಚಿಗೆ 600 ಚುಕ್ಕೆಯಂತೆ ಒಂದು ಎ4 ಪುಟಕ್ಕೆ 4961 × 7016, ಅಂದರೆ ಸುಮಾರು 3 ಕೋಟಿ 48 ಲಕ್ಷ ಚುಕ್ಕೆಗಳು; ಕಪ್ಪು ಬಿಳುಪಿನಲ್ಲೇ ಸುಮಾರು 4.35 ಮೆಗಾಬೈಟ್. ಕಂಪನಿಗಳು ಇದನ್ನೆಲ್ಲ ಮೊದಲಿನಿಂದ ಬರೆಯಬೇಕಾಗಿಯೂ ಇಲ್ಲ. ಮೈಕ್ರೋಸಾಫ್ಟ್‌ನ ಯೂನಿಡ್ರೈವ್ ಎಂಬ ಸಾಮಾನ್ಯ ಡ್ರೈವರ್ ಇದೆ, ತಮ್ಮ ಪ್ರಿಂಟರ್‌ನ ಆಜ್ಞೆಗಳ ಪಟ್ಟಿಯನ್ನು ಒಂದು ಪಠ್ಯ ಕಡತದಲ್ಲಿ ಬರೆದುಕೊಟ್ಟರೆ ಬಹಳಷ್ಟು ಪ್ರಿಂಟರ್‌ಗಳಿಗೆ ಸಾಕಾಗುತ್ತದೆ.

ಲಿನಕ್ಸ್‌ನಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಲ್ಲಿ 1999ರಲ್ಲಿ ಮೊದಲು ಬಿಡುಗಡೆಯಾದ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ಈ ಜವಾಬ್ದಾರಿಯನ್ನು ಹೊತ್ತಿದೆ. ಅಪ್ಲಿಕೇಶನ್ ಸಾಮಾನ್ಯವಾಗಿ ಪುಟಗಳನ್ನು ಪಿಡಿಎಫ್ ಮಾಡಿ, ಐಪಿಪಿ ಎಂಬ ಒಡಂಬಡಿಕೆಯ ಮೂಲಕ ಕಪ್ಸ್‌ಗೆ ಒಪ್ಪಿಸುತ್ತದೆ. ವಿಚಾರಣೆಯೂ ಅದೇ ಒಡಂಬಡಿಕೆಯಲ್ಲಿ ನಡೆಯುತ್ತದೆ. ಕಪ್ಸ್ ಆ ಪಿಡಿಎಫ್ ಅನ್ನು ಒಂದರ ಹಿಂದೆ ಒಂದರಂತೆ ಫಿಲ್ಟರ್‌ಗಳ ಮೂಲಕ ಹಾಯಿಸುತ್ತದೆ. ಪ್ರತಿ ಫಿಲ್ಟರ್ ಒಂದು ಮಾಮೂಲಿ ಪ್ರೋಗ್ರಾಂ, ಒಂದು ಕಡೆಯಿಂದ ಓದಿ ಇನ್ನೊಂದು ಕಡೆ ಬರೆಯುತ್ತದೆ, ಅಷ್ಟೇ. ಡ್ರೈವರ್ ಎಂದು ಅಲ್ಲಿ ಕರೆಯುವುದು ಆ ಸರಪಳಿಯ ಕೊನೆಯ ಫಿಲ್ಟರನ್ನು. ಇದರ ಸರಳತೆ ನನಗೆ ಬಹಳ ಇಷ್ಟ. ಎಲ್ಲಿ ಕೆಟ್ಟಿದೆ ಎಂದು ನೋಡಬೇಕಾದರೆ ಸರಪಳಿಯ ಯಾವ ಕೊಂಡಿಯನ್ನಾದರೂ ಬಿಚ್ಚಿ ಕೈಯಿಂದಲೇ ಓಡಿಸಿ ನೋಡಬಹುದು.

ಈಗ ನಿಮ್ಮ ಬಿಲ್ಲಿಗೆ ಬರುತ್ತೇನೆ. ವಿಂಡೋಸ್‌ನಲ್ಲಿ ಡ್ರೈವರನ್ನು ಪೂರ್ತಿ ಬದಿಗೊತ್ತಿ ಹೋಗುವ ಓಣಿಯೊಂದು ಈಗಲೂ ಇದೆ. ‘ರಾ’ ಎಂಬ ಬಗೆಯಲ್ಲಿ, ಅಂದರೆ ಹಸಿ ಬೈಟ್‌ಗಳಾಗಿ, ‘ರೈಟ್‌ಪ್ರಿಂಟರ್’ ಕರೆಯ ಮೂಲಕ ಕಳುಹಿಸಿದ್ದನ್ನು ಸ್ಪೂಲರ್ ಮುಟ್ಟದೆ ಪ್ರಿಂಟರ್‌ಗೆ ದಾಟಿಸುತ್ತದೆ. ಎಲ್‌ಪಿಟಿ1 ಅನ್ನು ಕಡತದಂತೆ ತೆರೆದು ಬರೆದರೂ ಫಲ ಇದೇ. ಬಿಲ್ ಸರ್ರನೆ ಬರಲಿ ಎಂದು ಡಾಟ್ ಮ್ಯಾಟ್ರಿಕ್ಸ್‌ಗೆ ಬರೆಯುವವರೆಲ್ಲ ಹಿಡಿಯುವ ದಾರಿ ಇದು. ಇಂಗ್ಲಿಷ್ ಇರುವವರೆಗೆ ತೊಂದರೆಯಿಲ್ಲ, ಆ ಅಕ್ಷರಗಳು ಪ್ರಿಂಟರ್‌ನೊಳಗೇ ಇವೆ. ಕನ್ನಡದ ಅಕ್ಷರಗಳು ಸಾಮಾನ್ಯ ಪ್ರಿಂಟರ್‌ನೊಳಗೆ ಇಲ್ಲ.

ನೋಟ್‌ಪ್ಯಾಡ್ ಗೆಲ್ಲುವುದು ಇಲ್ಲಿಯೇ. ಅದು ಜಿಡಿಐ ದಾರಿಯಲ್ಲಿ ಹೋಗುತ್ತದೆ. ‘ಮೊತ್ತ’ ಎಂಬ ಪದವನ್ನು ನೋಡಿ. ಕಣ್ಣಿಗೆ ಎರಡೇ ಅಕ್ಷರ, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಐದು ಸಂಕೇತ: ಮ, ಒತ್ವ, ತ, ಹಲಂತ, ಮತ್ತೆ ತ. ಕೊನೆಯ ತ ಒತ್ತಾಗಿ ಕೆಳಗಿಳಿಯಬೇಕು, ಒತ್ವ ಮ-ಕಾರದೊಂದಿಗೆ ಕೂಡಿಕೊಳ್ಳಬೇಕು ಎಂಬುದನ್ನು ವಿಂಡೋಸ್‌ನ ಲಿಪಿ ಜೋಡಣೆಯ ಭಾಗ ಫಾಂಟ್‌ನಲ್ಲಿರುವ ನಿಯಮಗಳನ್ನು ಓದಿ ನಿರ್ಧರಿಸುತ್ತದೆ. ಡ್ರೈವರ್‌ಗೆ ತಲುಪುವ ಹೊತ್ತಿಗೆ ಅಲ್ಲಿ ಕನ್ನಡವೇ ಉಳಿದಿರುವುದಿಲ್ಲ, ಇಂತಿಂಥ ಆಕೃತಿ ಇಂತಿಂಥ ಜಾಗದಲ್ಲಿ ಎಂಬ ಸಂಖ್ಯೆಗಳಷ್ಟೇ ಇರುತ್ತವೆ. ಡ್ರೈವರ್ ಆ ಆಕೃತಿಗಳನ್ನು ಚುಕ್ಕೆಗಳಾಗಿಸಿ, ಗ್ರಾಫಿಕ್ಸ್ ಆಜ್ಞೆಯೊಂದಿಗೆ ಕಳುಹಿಸುತ್ತದೆ. ಪ್ರಿಂಟರ್‌ನ ತಲೆಯಲ್ಲಿ ಚುಕ್ಕೆ ಒತ್ತುವ ಎಂಟು ಸೂಜಿಗಳ ಒಂದು ಕಂಬಕ್ಕೆ ಒಂದು ಬೈಟ್. ಒತ್ತು, ಗುಣಿತಗಳಿಂದ ಎತ್ತರ ಹೆಚ್ಚಾದ ಒಂದು ಸಾಲಿಗೆ ಪ್ರಿಂಟರ್‌ನ ತಲೆ ಒಂದಕ್ಕಿಂತ ಹೆಚ್ಚು ಸಲ ಓಡಾಡಬೇಕಾಗುತ್ತದೆ. ಕನ್ನಡ ಬಿಲ್ ನಿಧಾನವಾಗುವುದಕ್ಕೆ ಇದೇ ಕಾರಣ.

ನಿಮ್ಮ ಪ್ರೋಗ್ರಾಂ ಎಲ್ಲಿ ಎಡವುತ್ತಿದೆ ಎಂಬುದನ್ನು ಕಾಗದವೇ ಹೇಳುತ್ತದೆ. ‘ಮೊತ್ತ’ ಇರಬೇಕಾದ ಜಾಗದಲ್ಲಿ ಸರಿಯಾಗಿ ಐದು ಪ್ರಶ್ನಾರ್ಥಕ ಚಿಹ್ನೆಗಳಿವೆಯೇ ಎಂದು ಎಣಿಸಿ. ಇದ್ದರೆ, ಯೂನಿಕೋಡ್ ಪಠ್ಯವನ್ನು ಪ್ರೋಗ್ರಾಂ ಕಳುಹಿಸುವ ಮೊದಲು ವಿಂಡೋಸ್‌ನ ಹಳೆಯ ಆನ್ಸಿ ಸಂಕೇತ ಪಟ್ಟಿಗೆ ಪರಿವರ್ತಿಸುತ್ತಿದೆ. ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲವಾದ್ದರಿಂದ ಒಂದೊಂದು ಸಂಕೇತವೂ ಒಂದೊಂದು ಪ್ರಶ್ನೆಯಾಗಿ ಉಳಿಯುತ್ತದೆ. ಬೇರೆ ರೋಗಲಕ್ಷಣಗಳೂ ಉಂಟು. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದ ಬೈಟ್‌ಗಳೇ ಹೋಗಿದ್ದರೆ ಸಂಕೇತವೊಂದಕ್ಕೆ ಮೂರರಂತೆ ಹದಿನೈದು ಬೈಟ್‌ಗಳಾಗುತ್ತವೆ. ಪಿಸಿ 437 ಎಂಬ ಹಳೆಯ ಸಂಕೇತ ಪಟ್ಟಿಯನ್ನು ಬಳಸುವ ಪ್ರಿಂಟರ್‌ನಲ್ಲಿ ಗ್ರೀಕ್‌ನ ಆಲ್ಫಾ, ಅದರ ಪಕ್ಕದಲ್ಲಿ ಒಂದು ಮಸುಕಾದ ಚೌಕ ಅಥವಾ ನೆಟ್ಟಗಿನ ಗೆರೆ, ಹೀಗೆ ಮತ್ತೆ ಮತ್ತೆ ಕಾಣುತ್ತದೆ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ನ ಪಠ್ಯವಾಗಿದ್ದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ.

ಮೂರಕ್ಕೂ ಮದ್ದು ಒಂದೇ: ಹಸಿ ಬೈಟ್‌ಗಳ ಓಣಿಯನ್ನು ಬಿಟ್ಟು ಡ್ರೈವರ್‌ನ ಮೂಲಕ ಹೋಗುವುದು. ನೀವು ಡಾಟ್‌ನೆಟ್ ಬಳಸುತ್ತಿದ್ದರೆ ‘ಪ್ರಿಂಟ್‌ಡಾಕ್ಯುಮೆಂಟ್’ ಎಂಬ ಕ್ಲಾಸ್ ಇದೆ, ಅದರ ‘ಪ್ರಿಂಟ್‌ಪೇಜ್’ ಘಟನೆಯಲ್ಲಿ ಯೂನಿಕೋಡ್ ಪಠ್ಯವನ್ನು ಕನ್ನಡ ಫಾಂಟ್‌ ಒಂದರಲ್ಲಿ ರಚಿಸಿ. ಅಳತೆಗಳನ್ನು ಚುಕ್ಕೆಯಲ್ಲಿ ಕೊಡಬೇಡಿ, ಇಂಚಿನ ನೂರನೇ ಒಂದು ಭಾಗದಲ್ಲಿ ಕೊಡಿ. ಪ್ರಿಂಟರ್‌ಗೆ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್ ಹಾಕಿದ್ದರೆ ಅದನ್ನು ತೆಗೆದು ಆಯಾ ಮಾದರಿಯ ಡ್ರೈವರನ್ನೇ ಹಾಕಿ, ಏಕೆಂದರೆ ಆ ಡ್ರೈವರ್‌ಗೆ ಚುಕ್ಕೆ ಇಡಲು ಬರುವುದಿಲ್ಲ. ವೇಗ ಬೇಕೇಬೇಕು ಎನ್ನುವ ಗ್ರಾಹಕರಿಗೆ ನಾನು ಅಂಗಡಿಯ ಹೆಸರು, ಸರಕುಗಳ ಹೆಸರು ಮಾತ್ರ ಕನ್ನಡದಲ್ಲಿಟ್ಟು, ಅಂಕಿಗಳನ್ನು ಪ್ರಿಂಟರ್‌ನ ಒಳಫಾಂಟ್‌ನಲ್ಲಿ ಬರೆಯುತ್ತೇನೆ. ಡ್ರೈವರ್ ಹಾಕಿದಾಗ ಆ ಒಳಫಾಂಟ್‌ಗಳೂ ಫಾಂಟ್ ಪಟ್ಟಿಯಲ್ಲಿ ಕಾಣಿಸುತ್ತವೆ.

ಕೋಡ್ ತಿದ್ದುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ರಿಂಟರ್ ಕ್ಯೂವನ್ನು ‘ಪಾಝ್’ (Pause) ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ, ನಿಮ್ಮ ಪ್ರೋಗ್ರಾಂನಿಂದ ಒಂದು ಬಿಲ್, ನೋಟ್‌ಪ್ಯಾಡ್‌ನಿಂದ ಅದೇ ಪಠ್ಯದ ಒಂದು ಪುಟ ಕಳುಹಿಸಿ. ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32ರ ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಎಸ್‌ಪಿಎಲ್ ಎಂಬ ಬಾಲವಿರುವ ಎರಡು ಕಡತಗಳು ಕಾಣುತ್ತವೆ. ಚಿಕ್ಕದಾದ ನಿಮ್ಮ ಬಿಲ್ಲಿನ ಕಡತವನ್ನು ನಕಲು ಮಾಡಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪ್ರಶ್ನಾರ್ಥಕ ಚಿಹ್ನೆಗಳು ಅಲ್ಲಿಯೇ ಸಾಲಾಗಿ ನಿಂತಿದ್ದರೆ, ಕನ್ನಡ ನಿಮ್ಮ ಪ್ರೋಗ್ರಾಂ ಬಿಟ್ಟು ಹೊರಡುವಾಗಲೇ ಕಳೆದುಹೋಗಿದೆ ಎಂದರ್ಥ. ಪ್ರಿಂಟರನ್ನಾಗಲಿ ಡ್ರೈವರನ್ನಾಗಲಿ ಬದಲಿಸುವುದಕ್ಕೆ ಹಣ ಹಾಕಬೇಡಿ.